ಬೀದಿಯಲ್ಲಿ 313, ಆಚೆ 363

ಪ್ರಶ್ನೆ: ಇಂಗ್ಲಿಷ್ ಕಾದಂಬರಿಗಳಲ್ಲಿ, ಪತ್ತೇದಾರಿ ಧಾರಾವಾಹಿಗಳಲ್ಲಿ ಮಾತುಮಾತಿಗೆ ‘ಪ್ಯಾರಿಷ್’ ಬರುತ್ತದೆ. ಒಂದು ಕಡೆ ಅದು ಚರ್ಚಿಗೆ ಸೇರಿದ್ದು ಅನ್ನಿಸುತ್ತದೆ, ಇನ್ನೊಂದು ಕಡೆ ಹಳ್ಳಿ, ಮತ್ತೊಂದು ಕಡೆ ಪಂಚಾಯಿತಿ. ನೆಲದ ಮೇಲೆ ಅದು ಹೇಗಿರುತ್ತದೆ? ಒಂದು ಪ್ಯಾರಿಷ್ ಎಂದರೆ ಒಂದೇ ಊರೇ, ಹಲವು ಊರುಗಳೇ?
— ಓದುಗರೊಬ್ಬರು, ಸಾಗರ

ಉತ್ತರ: ನಿಮಗೆ ಅನ್ನಿಸಿದ ಮೂರೂ ಸರಿ. ಚರ್ಚು, ಹಳ್ಳಿ, ಪಂಚಾಯಿತಿ ಮೂರೂ ಅದರೊಳಗಿವೆ. ಆದರೆ ಈ ಮೂರಕ್ಕೂ ಮೊದಲು ಪ್ಯಾರಿಷ್ ಎಂದರೆ ಎಲ್ಲೆ ಗುರುತಾದ ಒಂದಿಷ್ಟು ನೆಲ. ನಮ್ಮ ಕಂದಾಯ ಗ್ರಾಮದಲ್ಲಿ ಒಂದು ಮೂಲ ಊರು, ಸುತ್ತ ನಾಲ್ಕೈದು ಮಜರೆ, ಹೊಲ, ಗೋಮಾಳ, ಗುಡ್ಡ ಎಲ್ಲ ಸೇರಿರುತ್ತವಲ್ಲ, ಹೆಚ್ಚುಕಡಿಮೆ ಹಾಗೆ. ಇಷ್ಟು ಹೇಳಿ ನಿಲ್ಲಿಸಿದರೆ ನಿಮ್ಮ ಗೊಂದಲ ಹಾಗೇ ಉಳಿದೀತು. ಆದ್ದರಿಂದ ಒಂದೇ ಒಂದು ಪ್ಯಾರಿಷನ್ನು ಹಿಡಿದು ಅದರ ಉದ್ದಗಲ ಓಡಾಡಿ ಬರೋಣ. ಅದು ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಯ ಸೆಲ್ಬೋರ್ನ್.

ಸೆಲ್ಬೋರ್ನನ್ನೇ ಆರಿಸಿದ್ದಕ್ಕೆ ಕಾರಣವಿದೆ. 1720ರಲ್ಲಿ ಇಲ್ಲಿ ಹುಟ್ಟಿ 1793ರಲ್ಲಿ ಇಲ್ಲೇ ತೀರಿಕೊಂಡ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ತನ್ನ ಪ್ಯಾರಿಷಿನ ಹಕ್ಕಿ, ಹುಳು, ಮಣ್ಣು, ಮಳೆ ಎಲ್ಲವನ್ನೂ ವರ್ಷಗಟ್ಟಲೆ ನೋಡಿ ಬರೆದಿಟ್ಟ. ಸೆಲ್ಬೋರ್ನಿನ ನಿಸರ್ಗ ಮತ್ತು ಪುರಾತನ ಸಂಗತಿಗಳ ಬಗೆಗಿನ ಅವನ ಪುಸ್ತಕ 1789ರಲ್ಲಿ ಅಚ್ಚಾಯಿತು. ನಿಸರ್ಗದ ಭಾಗವೆಲ್ಲ ಇಬ್ಬರು ವಿದ್ವಾಂಸರಿಗೆ ಬರೆದ ಪತ್ರಗಳ ರೂಪದಲ್ಲಿದೆ. ಓದುವವರು ಸಾಮಾನ್ಯವಾಗಿ ಹಕ್ಕಿಗಳ ಪತ್ರಗಳಿಗೆ ಅವಸರಿಸಿ ಮೊದಲ ಒಂಬತ್ತನ್ನು ಹಾರಿಸಿಬಿಡುತ್ತಾರೆ. ಆ ಒಂಬತ್ತು ಯಾವತ್ತೂ ಅಂಚೆಗೆ ಹೋದ ಪತ್ರಗಳೇ ಅಲ್ಲ. ಹಕ್ಕಿಗಳ ಮಾತಿಗೆ ಮುಂಚೆ ಅವು ಹಾರಾಡುವ ನೆಲ ಯಾವುದೆಂದು ಓದುಗನಿಗೆ ಗೊತ್ತಿರಲಿ ಎಂದು ಪುಸ್ತಕಕ್ಕಾಗಿಯೇ ಬರೆದವು. ನನ್ನ ಮಟ್ಟಿಗೆ ಪುಸ್ತಕದ ಗಟ್ಟಿ ಭಾಗ ಅವೇ. ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಊರು ಇರುವುದು ಲಂಡನ್ನಿನಿಂದ ನೈಋತ್ಯಕ್ಕೆ ಸುಮಾರು 50 ಮೈಲಿ, ಆಲ್ಟನ್ ಮತ್ತು ಪೀಟರ್ಸ್‌ಫೀಲ್ಡ್ ಪೇಟೆಗಳ ನಡುವೆ. ವೈಟ್‌ನ ಕಾಲದಲ್ಲಿ ಅದರ ಎಲ್ಲೆಗೆ ಹನ್ನೆರಡು ಪ್ಯಾರಿಷ್‌ಗಳು ತಾಗಿಕೊಂಡಿದ್ದವು, ಎರಡು ಪಕ್ಕದ ಸಸೆಕ್ಸ್ ಕೌಂಟಿಯವು. ಪಶ್ಚಿಮದ ಅಂಚಿನಿಂದ ಪೂರ್ವಕ್ಕೆ ನಡೆಯುತ್ತ ಹೋದರೆ ಕೆಲವೇ ಮೈಲಿಗಳಲ್ಲಿ ಕಾಲಡಿಯ ಮಣ್ಣು ನಾಲ್ಕೈದು ಸಲ ಬದಲಾಗುತ್ತದೆ. ಪ್ಯಾರಿಷಿನ ಒಳಗುಟ್ಟೆಲ್ಲ ಈ ಬದಲಾವಣೆಯಲ್ಲಿದೆ.

ಮೊದಲು ಸಿಗುವುದು ಸೀಮೆಸುಣ್ಣದ ಕಲ್ಲಿನ ಗುಡ್ಡ. ಊರಿನ ಮಟ್ಟದಿಂದ ಸುಮಾರು 300 ಅಡಿ ಎತ್ತರ. ಅದರ ಕಡಿದಾದ ಮೈಗೆ ಬೀಚ್ ಮರಗಳ ಕಾಡು ಜೋತುಬಿದ್ದ ಹಾಗೆ ನಿಂತಿದೆ, ಅದಕ್ಕೆ ಹ್ಯಾಂಗರ್ ಎಂದು ಹೆಸರು. 1753ರಲ್ಲಿ ವೈಟ್ ಮತ್ತು ಅವನ ತಮ್ಮ ಜಾನ್ ಕೂಡಿ ಈ ಇಳಿಜಾರಿನಲ್ಲಿ ಕಡಿಸಿದ ಅಂಕುಡೊಂಕು ದಾರಿಯನ್ನು ಜನ ಇವತ್ತಿಗೂ ಏದುಸಿರು ಬಿಡುತ್ತ ಹತ್ತುತ್ತಾರೆ. ಮೇಲೆ ಹೋದರೆ ಕುರಿ ಮೇಯುವ ಬಯಲು. ಊರವರ ದನಕರುಗಳಿಗೆ ಅಲ್ಲಿ ಮೇವಿನ ಹಕ್ಕಿತ್ತು.

ಈ ಗುಡ್ಡದ ಕೆಳಗೆ ಅಂಟುವ ಜೇಡಿಮಣ್ಣಿನ ಒಂದು ಪಟ್ಟಿ, ಗೋಧಿಗೆ ಒಳ್ಳೆಯದು. ಅದು ಮುಗಿಯುತ್ತಲೇ ಬಿಳಿಯ ಮೆದುಗಲ್ಲಿನ ಒಂದು ಜಗಲಿ. ಊರು ಕೂತಿರುವುದು ಈ ಕಲ್ಲಿನ ಜಗಲಿಯ ಮೇಲೆ. ಒಂದೇ ಬೀದಿ, ಮುಕ್ಕಾಲು ಮೈಲಿ ಉದ್ದ, ಅಲ್ಲಲ್ಲಿ ಬಿಟ್ಟುಬಿಟ್ಟು ಮನೆ, ಹ್ಯಾಂಗರ್‌ಗೆ ಸಮಾನಾಂತರವಾಗಿ. ಗಾಡಿಯ ದಾರಿಯ ಒಂದು ಮಗ್ಗುಲಲ್ಲಿ ಹಾರೆಗೂ ಜಗ್ಗದ ಜೇಡಿ, ಇನ್ನೊಂದು ಮಗ್ಗುಲಲ್ಲಿ ಬೆರಳಲ್ಲಿ ಹಿಡಿದರೆ ಪುಡಿಯಾಗುವ ಕಪ್ಪು ಮಣ್ಣು. ಬೀದಿಯೇ ಎರಡು ಜಾತಿಯ ನೆಲದ ಗಡಿ. ಹೀಗಾಗಿ ಒಂದೇ ಊರಿನ ಎದುರುಬದುರು ಮನೆಯವರ ಹಿತ್ತಿಲುಗಳಲ್ಲಿ ಬೇಸಾಯದ ಕ್ರಮವೇ ಬೇರೆ. ಪುಡಿಮಣ್ಣಿನ ಕಡೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ತೋಟಗಳು ಹುಲುಸಾಗಿ ಬಂದವು.

ಇನ್ನೂ ಪೂರ್ವಕ್ಕೆ ಇಳಿದರೆ ತೇವ ಹಿಡಿದ ಭಾರಿ ಜೇಡಿನೆಲ, ಓಕ್ ಮರಗಳಿಗೆ ಹೇಳಿ ಮಾಡಿಸಿದ್ದು. ಅದನ್ನು ದಾಟಿದರೆ ಮರಳು, ಮರಳಿನ ಮೇಲೆ ವುಲ್ಮರ್ ಫಾರೆಸ್ಟ್. ಹೆಸರಿಗೆ ಅರಣ್ಯ. ಆದರೆ ಏಳು ಮೈಲಿ ಉದ್ದ, ಎರಡೂವರೆ ಮೈಲಿ ಅಗಲದ ಆ ಜಾಗದಲ್ಲಿ ನೆಟ್ಟಗೆ ನಿಂತ ಒಂದು ಮರವೂ ಇಲ್ಲ ಎಂದು ವೈಟ್ ಬರೆಯುತ್ತಾನೆ. ಕುರುಚಲು ಪೊದೆ, ಜರಿಗಿಡ, ಜೌಗು, ಒಂದೆರಡು ದೊಡ್ಡ ಹೊಂಡ, ಅಷ್ಟೆ. ರಾಜನ ಬೇಟೆಗೆ ಮೀಸಲಿಟ್ಟ ನೆಲವನ್ನು ಮರವಿರಲಿ ಬಿಡಲಿ ಫಾರೆಸ್ಟ್ ಎಂದೇ ಕರೆಯುತ್ತಿದ್ದರು. ಅದರ ಐದನೇ ಮೂರು ಪಾಲು ಸೆಲ್ಬೋರ್ನ್ ಪ್ಯಾರಿಷಿನ ಎಲ್ಲೆಯೊಳಗಿತ್ತು.

ಮಣ್ಣಿನ ಇಷ್ಟೊಂದು ಪಟ್ಟಿಗಳ ಅಡ್ಡಕ್ಕೆ ಚಾಚಿಕೊಂಡ ಇಂಥ ವಿಚಿತ್ರ ಆಕಾರ ಏಕೆ? ದಕ್ಷಿಣ ಇಂಗ್ಲೆಂಡಿನ ಸುಣ್ಣಗುಡ್ಡಗಳ ಬುಡದಲ್ಲಿ ಇಂಥ ಪ್ಯಾರಿಷ್‌ಗಳು ಸಾಲುಸಾಲಾಗಿವೆ. ಕುರಿಗೆ ಗುಡ್ಡ, ನೇಗಿಲಿಗೆ ಕೆಳಗಿನ ಮಣ್ಣು, ನಾಟಾಕ್ಕೆ ಓಕ್, ಹುಲ್ಲಿಗೆ ತೇವದ ಗದ್ದೆ, ಒಲೆಗೆ ಕುರುಚಲು: ಒಂದು ಸಮುದಾಯ ವರ್ಷಪೂರ್ತಿ ಬದುಕಲು ಬೇಕಾದ್ದೆಲ್ಲ ಒಂದೇ ಎಲ್ಲೆಯೊಳಗೆ ಬರಬೇಕಾದರೆ ಮಣ್ಣಿನ ಪಟ್ಟಿಗಳನ್ನು ಅಡ್ಡ ಕೊಯ್ದು ಹಂಚಿಕೊಳ್ಳಲೇಬೇಕು. ಭೂಪಟದಲ್ಲಿ ಒಂದು ಪ್ಯಾರಿಷ್ ಉದ್ದುದ್ದಕ್ಕೆ, ಅರ್ಥವಿಲ್ಲದಂತೆ ಚಾಚಿಕೊಂಡಿದ್ದರೆ ಅದರ ಎರಡು ತುದಿಗಳ ಮಣ್ಣು ಯಾವುದೆಂದು ವಿಚಾರಿಸಿ, ಅರ್ಥ ತಾನಾಗಿ ಹೊರಬೀಳುತ್ತದೆ.

ಈ ಹಂಚಿಕೆಯನ್ನು ಸೆಲ್ಬೋರ್ನಿನ ಗೋಡೆಗಳಲ್ಲೂ ನೋಡಬಹುದು. ಅಲ್ಲಿನ ಮನೆ ಕಟ್ಟುವುದು ಊರಡಿಯ ಬಿಳಿಗಲ್ಲಿನಿಂದ. ಆದರೆ ವುಲ್ಮರ್‌ನ ಮರಳಿನಲ್ಲಿ ತುಕ್ಕುಬಣ್ಣದ, ಕಬ್ಬಿಣದಂಥ ಗಡುಸು ಕಲ್ಲು ಸಿಗುತ್ತದೆ. ಗಾರೆಯವರು ಅದನ್ನು ಮೊಳೆಯ ತಲೆಯಷ್ಟು ಚಿಕ್ಕ ಚೂರುಗಳಾಗಿ ಒಡೆದು, ಗಾರೆ ಹಸಿಯಿರುವಾಗಲೇ ಬಿಳಿಗಲ್ಲುಗಳ ಸಂದಿನುದ್ದಕ್ಕೂ ಸಾಲಾಗಿ ಒತ್ತುತ್ತಿದ್ದರು. ಪರವೂರಿನಿಂದ ಬಂದವರು ಇದನ್ನು ಕಂಡು, ಏನ್ರಪ್ಪಾ, ನಿಮ್ಮೂರಲ್ಲಿ ಗೋಡೆಗೂ ಮೊಳೆ ಹೊಡೆಯುತ್ತೀರಾ ಎಂದು ತಮಾಷೆ ಮಾಡುತ್ತಿದ್ದರಂತೆ. ಪ್ಯಾರಿಷಿನ ಪಡುವಣದ ಕಲ್ಲು, ಮೂಡಣದ ಚೂರು, ಎರಡೂ ಒಂದೇ ಗೋಡೆಯಲ್ಲಿ. ಮಣ್ಣಿನ ಗೋಡೆಯ ಮನೆ ಈ ಊರಲ್ಲಿ ಒಂದೂ ಇಲ್ಲ, ಬಡವರ ಮನೆಗಳಿಗೂ ಗಾಜಿನ ಕಿಟಕಿ, ಮಾಳಿಗೆಯ ಕೋಣೆ ಇವೆ ಎಂದು ವೈಟ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಈ ಹೆಮ್ಮೆಯನ್ನು ಸ್ವಲ್ಪ ಸೋಸಿ ತೆಗೆದುಕೊಳ್ಳಿ. ಬಡವರೇ ಬರೆದ ಪುಸ್ತಕ ನಮ್ಮ ಕೈಯಲ್ಲಿಲ್ಲ.

ಊರು ಅಲ್ಲೇ ಏಕೆ ಕೂತಿತು ಎಂಬುದಕ್ಕೆ ನೀರು ಉತ್ತರ ಹೇಳುತ್ತದೆ. ಸುಣ್ಣಗುಡ್ಡದ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ, ಕಲ್ಲಿನೊಳಗೆ ಇಂಗಿ ಬುಡದಲ್ಲಿ ಒರತೆಯಾಗಿ ಹೊರಡುತ್ತದೆ. ಬೀದಿಯ ತುದಿಯಲ್ಲಿ ವೆಲ್‌ಹೆಡ್ ಎಂಬ ಒರತೆ ಇದೆ, ಬೇಸಿಗೆಯಲ್ಲೂ ಬತ್ತದ್ದು. ಬೀದಿಯ ಬಾವಿಗಳ ಆಳ ಸರಾಸರಿ 63 ಅಡಿ. ಕುಡಿಯಲು ಸೊಗಸಾದ ನೀರು, ಆದರೆ ಸೋಪು ನೊರೆ ಬರುವುದಿಲ್ಲ ಎಂದು ವೈಟ್ ದೂರುತ್ತಾನೆ. ಸುಣ್ಣದ ನೆಲದ ಗಡುಸು ನೀರು ತಾನೆ! ಗುಡ್ಡದ ತಲೆಯ ಮೇಲೆ ಮಾತ್ರ ಒಂದು ಒಗಟಿತ್ತು. ಅಲ್ಲೊಂದು ಹೊಂಡ, ಅಗಲ ಮೂವತ್ತು ಅಡಿ ದಾಟದು, ಆಳ ನಡುವಿನಲ್ಲೂ ಮೂರಡಿ. ಮುನ್ನೂರು ನಾನ್ನೂರು ಕುರಿ, ಇಪ್ಪತ್ತು ದನ ಕುಡಿದರೂ ಅದು ಒಣಗಿದ್ದನ್ನು ಯಾರೂ ಕಂಡಿರಲಿಲ್ಲ. 1775ರ ಮೇ ತಿಂಗಳ ಬರದಲ್ಲಿ ಕಣಿವೆಯ ಹೊಂಡಗಳು ಬತ್ತಿದಾಗಲೂ ಗುಡ್ಡದ ಮೇಲಿನದಕ್ಕೆ ಏನೂ ಆಗಲಿಲ್ಲ. ಮಂಜು ಮತ್ತು ಇಬ್ಬನಿ ರಾತ್ರಿಯ ಹೊತ್ತು ಅದನ್ನು ತುಂಬುತ್ತಿರಬೇಕೆಂದು ವೈಟ್ ಊಹಿಸಿದ.

ಪಕ್ಕದ ನೋರ್ ಹಿಲ್ ಎಂಬ ಸುಣ್ಣಗುಡ್ಡದಿಂದ ಎರಡು ತೊರೆ ಹೊರಡುತ್ತವೆ. ದಕ್ಷಿಣಕ್ಕೆ ಹೋದದ್ದು ಅರುನ್ ನದಿಯ ಮೂಲಕ ಇಂಗ್ಲಿಷ್ ಕಾಲುವೆ ಸೇರುತ್ತದೆ. ಉತ್ತರಕ್ಕೆ ಹೋದದ್ದೇ ಸೆಲ್ಬೋರ್ನಿನ ತೊರೆ, ಅದು ವೇ ನದಿಗೆ ಕೂಡಿ, ವೇ ಥೇಮ್ಸ್‌ಗೆ ಕೂಡಿ, ಕೊನೆಗೆ ಉತ್ತರ ಸಮುದ್ರ. ಅಂದರೆ ಒಂದು ಹಳ್ಳಿಗಾಡಿನ ಪ್ಯಾರಿಷಿನ ನೆತ್ತಿಯಲ್ಲಿ ಎರಡು ಸಮುದ್ರಗಳ ನೀರು ಬೇರೆಯಾಗುತ್ತದೆ.

ಈಗ ಊರುಗಳಿಗೆ ಬರೋಣ. 1783ರ ಅಕ್ಟೋಬರ್ 4ರಂದು ವೈಟ್ ತನ್ನ ಪ್ಯಾರಿಷಿನ ತಲೆ ಎಣಿಕೆ ದಾಖಲಿಸಿದ. ಇಂಗ್ಲೆಂಡಿನ ಮೊದಲ ಸರ್ಕಾರಿ ಜನಗಣತಿ ನಡೆದದ್ದು 1801ರಲ್ಲಿ, ಅಂದರೆ ವೈಟ್‌ನ ಎಣಿಕೆ ಅದಕ್ಕೂ 18 ವರ್ಷ ಮುಂಚಿನದು. ಸಂಸಾರಗಳು 136. ಬೀದಿಯಲ್ಲಿ ವಾಸವಿದ್ದವರು 313, ಪ್ಯಾರಿಷಿನ ಉಳಿದ ಕಡೆ 363, ಒಟ್ಟು 676. ಚರ್ಚು, ಪಾದ್ರಿಯ ಮನೆ, ಊರ ಬಯಲು ಎಲ್ಲ ಇರುವ ಬೀದಿಯಲ್ಲಿ ಅರ್ಧಕ್ಕೂ ಕಡಿಮೆ ಜನ! ನಿಮ್ಮ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರ ನನಗೆ ಗೊತ್ತಿಲ್ಲ.

ಆ 363 ಜನ ಎಲ್ಲಿದ್ದರು? ಜೇಡಿನೆಲದಾಚೆ ಮರಳಿನ ಅಂಚಿಗೆ ಓಕ್‌ಹ್ಯಾಂಗರ್ ಎಂಬ ಕೇರಿ ಇತ್ತು, ಅರಣ್ಯದ ಮಗ್ಗುಲಲ್ಲಿ ಬ್ಲ್ಯಾಕ್‌ಮೂರ್ ಇತ್ತು. ನಾರ್ಟನ್, ಟೆಂಪಲ್ ಮುಂತಾದ ಒಂಟಿ ಬೇಸಾಯದ ಮನೆಗಳಿದ್ದವು. ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳಿಗೆ ಹಿಂದೆ ಈ ಪ್ಯಾರಿಷಿನಲ್ಲಿ ಆಸ್ತಿ ಇತ್ತು, ಟೆಂಪಲ್ ಎಂಬ ಹೆಸರಿನಲ್ಲಿ ಉಳಿದಿರುವುದು ಅವರ ನೆನಪು. ತೊರೆಯ ದಂಡೆ ಹಿಡಿದು ಕೆಳಗೆ ಹೋದರೆ ಪ್ರಯರಿ ಎಂಬ ಹೊಲಮನೆ ಸಿಗುತ್ತದೆ. 1233ರಲ್ಲಿ ವಿಂಚೆಸ್ಟರ್‌ನ ಬಿಷಪ್ ಪೀಟರ್ ದೆ ರೋಷ್ ಅಲ್ಲೊಂದು ಮಠ ಕಟ್ಟಿಸಿದ್ದ. ಎರಡೂವರೆ ಶತಮಾನದ ನಂತರ ಮಠ ಮುಚ್ಚಿ, ಅದರ ಆಸ್ತಿಯೆಲ್ಲ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿಗೆ ಹೋಯಿತು. ಹೀಗೆ ಒಂದು ಬೀದಿಯೂರು, ಎರಡು ಮೂರು ಕೇರಿ, ಚದುರಿದ ಹೊಲಮನೆಗಳು, ಒಂದು ಸತ್ತ ಮಠ. ಒಂದು ಪ್ಯಾರಿಷಿನ ಸಂಸಾರ ಇಷ್ಟು.

ಇವನ್ನೆಲ್ಲ ಜೋಡಿಸುವ ದಾರಿಗಳು ಬಿಳಿಗಲ್ಲನ್ನು ಸವೆಸಿಕೊಂಡು ಆಳಕ್ಕಿಳಿದಿದ್ದವು. ಆಲ್ಟನ್‌ಗೆ ಹೋಗುವುದೊಂದು, ಅರಣ್ಯಕ್ಕೆ ಹೋಗುವುದೊಂದು. ಶತಮಾನಗಳ ಗಾಡಿಚಕ್ರ ಮತ್ತು ಮಳೆನೀರಿನಿಂದ ಕೆಲವೆಡೆ ದಾರಿ ಅಕ್ಕಪಕ್ಕದ ಹೊಲಕ್ಕಿಂತ 16–18 ಅಡಿ ಕೆಳಗಿತ್ತು. ಎರಡೂ ಕಡೆ ಬೇರುಗಳು ಜೋತಾಡುತ್ತಿದ್ದವು, ಚಳಿಗಾಲದಲ್ಲಿ ಅವಕ್ಕೆ ಮಂಜುಗಡ್ಡೆಯ ಕೋಲುಗಳು. ಓಕ್‌ಹ್ಯಾಂಗರ್‌ನವರಿಗೆ ಮಗುವಿನ ನಾಮಕರಣಕ್ಕೂ ಮಣ್ಣಿಗೂ ಬೀದಿಯ ಚರ್ಚಿಗೇ ಬರಬೇಕು, ಮೈಲಿಗಟ್ಟಲೆ ಇಂಥ ದಾರಿಯಲ್ಲಿ.

ಇಷ್ಟು ದೂರದವರನ್ನು ಒಂದೇ ಪ್ಯಾರಿಷಿಗೆ ಕಟ್ಟಿಹಾಕಿದ್ದು ಪ್ರಾರ್ಥನೆಗಿಂತ ಹೆಚ್ಚಾಗಿ ತೆರಿಗೆ. ಹೊಲದಲ್ಲಿ ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ದಶಮಾಂಶವಾಗಿ ಚರ್ಚಿಗೆ ಸಲ್ಲಬೇಕು. ಯಾವ ಹೊಲ ಯಾವ ಚರ್ಚಿಗೆ ಎಂಬ ತಕರಾರು ಬಾರದಿರಬೇಕಾದರೆ ಎಲ್ಲೆ ಗಟ್ಟಿಯಾಗಿರಬೇಕು. ನಕ್ಷೆ ಇಲ್ಲದ ಕಾಲದಲ್ಲಿ ಊರ ಹಿರಿಯರು, ಹುಡುಗರು ಕೂಡಿ ವಸಂತದಲ್ಲಿ ಎಲ್ಲೆ ಸುತ್ತಿಬರುವ ಪದ್ಧತಿ ಇತ್ತು. ಸೆಲ್ಬೋರ್ನಿನಲ್ಲಿ ಈ ಸುತ್ತು ಮೂರು ದಿನ ಹಿಡಿಯುತ್ತಿತ್ತು, ಅಂಕುಡೊಂಕೆಲ್ಲ ಸೇರಿ 30 ಮೈಲಿಗೆ ಕಡಿಮೆಯಿಲ್ಲ ಎಂದು ನಡೆದವರ ಲೆಕ್ಕ. ಇಲ್ಲಿ ಗೋಜಲು ಇನ್ನೂ ಒಂದಿದೆ. ದಶಮಾಂಶದ ದೊಡ್ಡ ಪಾಲು ಮಾಡ್ಲಿನ್ ಕಾಲೇಜಿಗೆ, ಸಣ್ಣ ಪಾಲು ಊರ ಪಾದ್ರಿಗೆ. ಪಾದ್ರಿಯನ್ನು ನೇಮಿಸುವ ಹಕ್ಕೂ ಕಾಲೇಜಿನದೇ. ವೈಟ್ ಆಕ್ಸ್‌ಫರ್ಡಿನ ಬೇರೊಂದು ಕಾಲೇಜಿನ ಫೆಲೋ. ಹಾಗಾಗಿ ಅಜ್ಜ ಪಾದ್ರಿಯಾಗಿದ್ದ ಊರಿನಲ್ಲಿ ಮೊಮ್ಮಗ ಕೊನೆಯವರೆಗೂ ಸಹಾಯಕ ಪಾದ್ರಿಯಾಗಿಯೇ ಉಳಿದ. ಸೆಲ್ಬೋರ್ನಿನ ಹೆಸರನ್ನು ಪ್ರಪಂಚಕ್ಕೆ ತಿಳಿಸಿದವನು ಸೆಲ್ಬೋರ್ನಿನ ಮುಖ್ಯ ಪಾದ್ರಿಯಾಗಲೇ ಇಲ್ಲ.

ಎರಡನೇ ಹಗ್ಗ ಬಡವರ ತೆರಿಗೆ. 1601ರ ಕಾನೂನು ದಿಕ್ಕಿಲ್ಲದವರನ್ನು ಸಾಕುವ ಹೊಣೆಯನ್ನು ಆಯಾ ಪ್ಯಾರಿಷಿನ ಮೇಲೆ ಹಾಕಿತು. 1662ರ ಇನ್ನೊಂದು ಕಾನೂನು ಬೇರೆ ಕಡೆಯಿಂದ ಬಂದ ಬಡವನನ್ನು ಅವನ ಸ್ವಂತ ಪ್ಯಾರಿಷಿಗೆ ಅಟ್ಟಲು ಅವಕಾಶ ಕೊಟ್ಟಿತು. ಕಾದಂಬರಿಗಳಲ್ಲಿ ಮದುವೆಯಾಗದ ಬಸುರಿ ಹೆಂಗಸನ್ನು ಗಡಿ ದಾಟಿಸಲು ಅಧಿಕಾರಿಗಳು ಪರದಾಡುವುದನ್ನು ಓದಿದ್ದರೆ ಕಾರಣ ಇದೇ. ಮಗು ಎಲ್ಲಿ ಹುಟ್ಟಿತೋ ಖರ್ಚು ಅಲ್ಲಿಗೆ ಬೀಳುವ ಭಯ. ಸೆಲ್ಬೋರ್ನಿನಲ್ಲಿ ಈ ಎರಡು ಹಗ್ಗಗಳೂ ಒಟ್ಟಿಗೆ ಹರಿಯುವಷ್ಟು ಬಿಗಿದದ್ದು 1830ರ ನವೆಂಬರ್‌ನಲ್ಲಿ. ಕೂಲಿ ಸಾಲದೆ ರೊಚ್ಚಿಗೆದ್ದ ಜನ ಪಾದ್ರಿಯ ಮುಂದೆ ನಿಂತು ದಶಮಾಂಶ ಇಳಿಸುವಂತೆ ಒತ್ತಾಯಿಸಿದರು, ಬಡವರನ್ನು ಇರಿಸುತ್ತಿದ್ದ ವರ್ಕ್‌ಹೌಸಿಗೆ ನುಗ್ಗಿ ಒಡೆದರು. ಮರುದಿನ ಪಕ್ಕದ ಹೆಡ್ಲಿಯಲ್ಲೂ ಹಾಗೇ ಆಯಿತು. ದಕ್ಷಿಣ ಇಂಗ್ಲೆಂಡಿನಲ್ಲೆಲ್ಲ ಹಬ್ಬಿದ್ದ ಸ್ವಿಂಗ್ ದಂಗೆಯ ಭಾಗ ಅದು. ಆರು ವರ್ಷದ ಮೇಲೆ, 1836ರ ಕಾನೂನಿನಿಂದ ದಶಮಾಂಶ ಹಣದ ರೂಪಕ್ಕೆ ತಿರುಗಿತು.

ಎಲ್ಲ ಪ್ಯಾರಿಷ್‌ಗಳೂ ಸೆಲ್ಬೋರ್ನಿನ ಹಾಗಿಲ್ಲ. ಮಧ್ಯ ಇಂಗ್ಲೆಂಡಿನಲ್ಲಿ ಮನೆಗಳೆಲ್ಲ ಚರ್ಚಿನ ಸುತ್ತ ಒತ್ತೊತ್ತಾಗಿದ್ದು, ಆಚೆ ಬೇಲಿಯಿಲ್ಲದ ದೊಡ್ಡ ಹೊಲಗಳಲ್ಲಿ ಪ್ರತಿಯೊಬ್ಬನಿಗೂ ಅಲ್ಲಲ್ಲಿ ಪಟ್ಟಿಗಳಿರುತ್ತಿದ್ದವು. ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್‌ನಲ್ಲಿ ಆ ಪದ್ಧತಿ ಇನ್ನೂ ಇದೆ. ಉತ್ತರಕ್ಕೆ ಹೋದಷ್ಟೂ ಜನ ವಿರಳ, ಪ್ಯಾರಿಷ್ ದೊಡ್ಡದು. ಲ್ಯಾಂಕಶೈರಿನ ವಾಲಿ ಪ್ಯಾರಿಷಿನಲ್ಲಿ ಹತ್ತಾರು ಊರುಗಳಿದ್ದವು. ಇನ್ನು ಯಾರ್ಕ್‌ಶೈರಿನ ವಾರಮ್ ಪರ್ಸಿಯಲ್ಲಿ ಚರ್ಚಿನ ಗೋಡೆ ನಿಂತಿದೆ, ಊರಿಲ್ಲ. ಮಧ್ಯಯುಗದ ಕೊನೆಗೆ ಕುರಿಸಾಕಣೆಗಾಗಿ ಜನ ಖಾಲಿಯಾದರು. 1950ರಿಂದ ನಲವತ್ತು ವರ್ಷ ಪುರಾತತ್ವಜ್ಞರು ಅಲ್ಲಿ ಅಗೆದರು.

ಸೆಲ್ಬೋರ್ನಿಗೇ ಮರಳಿದರೆ, 19ನೇ ಶತಮಾನದಲ್ಲಿ ಅದರ ಪೂರ್ವದ ತುದಿ ಬೇರೆ ದಾರಿ ಹಿಡಿಯಿತು. 1860ರ ದಶಕದಲ್ಲಿ ರೌಂಡೆಲ್ ಪಾಮರ್ ಎಂಬ ವಕೀಲ ಬ್ಲ್ಯಾಕ್‌ಮೂರ್ ಎಸ್ಟೇಟನ್ನು ಕೊಂಡು, ಆಲ್ಫ್ರೆಡ್ ವಾಟರ್‌ಹೌಸ್ ಎಂಬ ವಾಸ್ತುಶಿಲ್ಪಿಯಿಂದ ಅಲ್ಲಿ ಮನೆ, ಚರ್ಚು ಕಟ್ಟಿಸಿದ. ಮುಂದೆ ಲಾರ್ಡ್ ಚಾನ್ಸಲರ್ ಆದಾಗ ಅವನು ತೆಗೆದುಕೊಂಡ ಬಿರುದು ಸೆಲ್ಬೋರ್ನಿನದೇ. 1873ರಲ್ಲಿ ಅವನ ಎಸ್ಟೇಟಿನ ಮಣ್ಣಿನಲ್ಲಿ ರೋಮನ್ ಕಾಲದ ಸುಮಾರು 30 ಸಾವಿರ ನಾಣ್ಯಗಳು ಗಡಿಗೆಗಳಲ್ಲಿ ಸಿಕ್ಕವು. ಬೆಳೆ ಬಾರದ ಮರಳುಗಾಡೆಂದು ಎಲ್ಲರೂ ಅಸಡ್ಡೆ ಮಾಡಿದ್ದ ಕಡೆ! ವುಲ್ಮರ್ ಸೈನ್ಯದ ತರಬೇತಿಗೆ ಹೋಯಿತು, ಇವತ್ತಿಗೂ ಗುಂಡಿನ ಸದ್ದು ಕೇಳುವ ಜಾಗ. ಗುಂಡಿನ ಭಯಕ್ಕೆ ಮನೆ ಏಳಲಿಲ್ಲ, ಹೀಗಾಗಿ ಬ್ರಿಟನ್ನಿನ ಹನ್ನೆರಡು ಸ್ಥಳೀಯ ಜಾತಿಯ ಹಾವು, ಹಲ್ಲಿ, ಕಪ್ಪೆಗಳು ಒಂದೇ ಕಡೆ ಸಿಗುವ ಸ್ಥಳವಾಗಿ ಅದು ಉಳಿದುಕೊಂಡಿದೆ. ಪಶ್ಚಿಮದ ಹ್ಯಾಂಗರ್ ಮತ್ತು ಬಯಲು 1932ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯ ಸ್ವತ್ತು. ಚರ್ಚಿನ ಅಂಗಳದ, 26 ಅಡಿ ಸುತ್ತಳತೆಯ ಮುದಿ ಯೂ ಮರ ಮಾತ್ರ 1990ರ ಜನವರಿಯ ಬಿರುಗಾಳಿಗೆ ಉರುಳಿತು.

ಕೊನೆಗೆ ನಿಮ್ಮ ಪಂಚಾಯಿತಿ. 1894ರ ಕಾನೂನು ಹಳ್ಳಿಗಾಡಿನ ಪ್ಯಾರಿಷ್‌ಗಳಿಗೆ ಚುನಾಯಿತ ಮಂಡಲಿ ಕೊಟ್ಟಿತು. ಚರ್ಚಿನ ಪ್ಯಾರಿಷ್ ಒಂದು, ಆಡಳಿತದ ಪ್ಯಾರಿಷ್ ಒಂದು ಎಂದು ಎರಡಾಗಿದ್ದು ಈ ಸುಮಾರಿಗೆ ಪೂರ್ತಿಯಾಯಿತು, ಎರಡರ ಎಲ್ಲೆಯೂ ಒಂದೇ ಆಗಿರಬೇಕೆಂದಿಲ್ಲ. ಈಗ ಇಂಗ್ಲೆಂಡಿನಲ್ಲಿ ಆಡಳಿತದ ಪ್ಯಾರಿಷ್‌ಗಳೇ ಹತ್ತು ಸಾವಿರಕ್ಕೂ ಹೆಚ್ಚು. ಬ್ಲ್ಯಾಕ್‌ಮೂರಿನವನು ಮದುವೆಗೆ ತನ್ನೂರಿನ ಚರ್ಚಿಗೆ ಹೋದರೆ ಸಾಕು. ಆದರೆ ಕಾಲುದಾರಿಯ ಬೇಲಿ ಮುರಿದಿದೆ ಎಂದು ದೂರಬೇಕಾದರೆ ಅವನು ಹೋಗಬೇಕಾದ್ದು ಸೆಲ್ಬೋರ್ನ್ ಪ್ಯಾರಿಷ್ ಕೌನ್ಸಿಲ್‌ಗೆ. ಧಾರಾವಾಹಿಯಲ್ಲಿ ಮುಂದೆ ಆ ಪದ ಬಂದಾಗ ಮಾತಾಡುತ್ತಿರುವುದು ಪಾದ್ರಿಯೋ, ಕೌನ್ಸಿಲ್ ಗುಮಾಸ್ತನೋ ನೋಡಿಕೊಳ್ಳಿ, ಯಾವ ಪ್ಯಾರಿಷ್ ಎಂಬುದು ಗೊತ್ತಾಗುತ್ತದೆ.